ಬೋರ್ಡು ಆಮೇಲೆ, ಮೊದಲು ಕೆಲಸ ಹುಡುಕಿ

(ಶಿರಸಿಯಲ್ಲಿ ಹೈಸ್ಕೂಲು ಮಕ್ಕಳು ಮತ್ತು ಅವರ ಮನೆಯವರ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು.

ನನ್ನ ಕೈಯಲ್ಲಿರುವ ಈ ಹಸಿರು ಬೋರ್ಡು ಹಿಂದೆ ಕೂತವರಿಗೆ ಕಾಣಲಿಕ್ಕಿಲ್ಲ. ಆಮೇಲೆ ಕೈಯಿಂದ ಕೈಗೆ ದಾಟಿಸುತ್ತೇನೆ, ಅಂಚು ಹಿಡಿದು ನೋಡಿ. 85 ಮಿಲಿಮೀಟರ್ ಉದ್ದ, 56 ಮಿಲಿಮೀಟರ್ ಅಗಲ. ಹೆಚ್ಚುಕಡಿಮೆ ಎಟಿಎಂ ಕಾರ್ಡಿನಷ್ಟು. ಇದೊಂದು ಪುಟ್ಟ ಕಂಪ್ಯೂಟರ್. ಇದರ ಹೆಸರು ರಾಸ್ಪ್‌ಬೆರಿ ಪೈ. ಪ್ರೊಸೆಸರ್, ಮೆಮೊರಿ, ವೈಫೈ, ಟಿವಿಗೆ ಜೋಡಿಸುವ ಕಿಂಡಿ, ಕೀಬೋರ್ಡು ಮೌಸು ಚುಚ್ಚುವ ಕಿಂಡಿ ಎಲ್ಲ ಈ ಒಂದೇ ಹಲಗೆಯ ಮೇಲಿವೆ. ಹಾರ್ಡ್ ಡಿಸ್ಕ್ ಇಲ್ಲ. ಹಳೆಯ ಮೊಬೈಲಿಗೆ ಹಾಕುತ್ತಿದ್ದೆವಲ್ಲ, ಆ ಮೈಕ್ರೋ ಎಸ್‌ಡಿ ಕಾರ್ಡೇ ಇದರ ಡಿಸ್ಕು. ಇನ್ನು ಈ ಬದಿಯಲ್ಲಿ ಎರಡು ಸಾಲು ಮುಳ್ಳು ನಿಂತಿವೆ ನೋಡಿ, ಒಟ್ಟು 40. ಇವು ನಿಮ್ಮ ಲ್ಯಾಪ್‌ಟಾಪಿನಲ್ಲಿ ಇಲ್ಲ. ಇವುಗಳ ಮೂಲಕ ಈ ಕಂಪ್ಯೂಟರ್ ಹೊರಗಿನ ಬಿಸಿ, ಬೆಳಕು, ನೀರಿನ ಮಟ್ಟ ಎಲ್ಲವನ್ನೂ ತಿಳಿದುಕೊಳ್ಳಬಹುದು, ದೀಪ ಹತ್ತಿಸಬಹುದು.

ಇದರ ವಿಷಯ ಎತ್ತಿದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, ‘ಯಾವುದನ್ನು ತಗೊಳ್ಳಬೇಕು?’ ಅಂತ. ಆ ಪ್ರಶ್ನೆಯನ್ನು ಸ್ವಲ್ಪ ಹಿಂದಕ್ಕಿಡಿ. ನಮ್ಮ ಮನೆಯಲ್ಲಿ ಇದಕ್ಕೆ ಯಾವ ಕೆಲಸ ಇದೆ ಎಂದು ಮೊದಲು ಯೋಚಿಸಿ. ಸುಮ್ನೆ ಉಮೇದಿಯಲ್ಲಿ ಕೊಂಡ ಬೋರ್ಡು ತಿಂಗಳೊಳಗೆ ಕಪಾಟು ಸೇರುತ್ತದೆ. ಒಂದು ಕೆಲಸ ಹಚ್ಚಿದ ಬೋರ್ಡು ವರ್ಷಗಟ್ಟಲೆ ಓಡುತ್ತದೆ, ಮಕ್ಕಳೂ ಅದರ ಜೊತೆ ಕಲಿಯುತ್ತಾ ಹೋಗುತ್ತಾರೆ.

ನಮ್ಮ ಕಡೆಯ ಮನೆಗಳಲ್ಲಿ ಕೆಲಸಕ್ಕೇನು ಕಡಿಮೆ? ಅಡಿಕೆ ಒಣಗಿಸುವ ಡ್ರೈಯರಿನ ಬಿಸಿ ರಾತ್ರಿಯೆಲ್ಲ ಯಾರಾದರೂ ನೋಡುತ್ತಿರಬೇಕು. ಟ್ಯಾಂಕು ತುಂಬಿ ಹರಿಯುವವರೆಗೂ ಪಂಪು ಓಡುತ್ತಿರುತ್ತದೆ. ರಾತ್ರಿ ತೋಟಕ್ಕೆ ಏನು ಬಂದು ಹೋಯಿತು ಎನ್ನುವುದು ಬೆಳಿಗ್ಗೆ ಹೆಜ್ಜೆ ಗುರುತು ನೋಡಿದಾಗಲೇ ಗೊತ್ತಾಗುವುದು. ಜೋಯಿಡಾದ ಒಳಗಿನ ಹಳ್ಳಿಯಲ್ಲಿ ನೆಟ್‌ವರ್ಕೇ ಇಲ್ಲ, ಮಗುವಿಗೆ ಏನಾದರೂ ಹುಡುಕಿ ಓದಬೇಕೆಂದರೆ ಗುಡ್ಡ ಹತ್ತಬೇಕು. ಇಂಥ ಒಂದು ಕೆಲಸ ಹಿಡಿದುಕೊಳ್ಳಿ, ಒಂದೇ ಸಾಕು.

ಇದು ಹುಟ್ಟಿದ್ದೇ ಮಕ್ಕಳಿಗಾಗಿ. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿದ್ದ ಎಬೆನ್ ಅಪ್ಟನ್ ಮತ್ತು ಅವರ ಜೊತೆಗಾರರಿಗೆ ಒಂದು ಚಿಂತೆ ಕಾಡುತ್ತಿತ್ತು. ಕಂಪ್ಯೂಟರ್ ಓದಲು ಬರುವ ಹುಡುಗರ ಸಂಖ್ಯೆಯೂ ಇಳಿಯುತ್ತಿತ್ತು, ಬರುವಾಗ ಅವರಿಗೆ ಗೊತ್ತಿರುತ್ತಿದ್ದದ್ದೂ ಕಡಿಮೆಯಾಗುತ್ತಿತ್ತು. 1980ರ ದಶಕದಲ್ಲಿ ಅಲ್ಲಿನ ಶಾಲೆಗಳಲ್ಲಿ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರ್ ಇತ್ತು. ಅದರ ಸ್ವಿಚ್ ಹಾಕಿದರೆ ಸಾಕು, ಪ್ರೋಗ್ರಾಂ ಬರೆಯಲು ಪರದೆ ಸಿದ್ಧವಾಗಿರುತ್ತಿತ್ತು. 1984ರಲ್ಲಿ ನಮ್ಮ ದೇಶದಲ್ಲಿ ಶುರುವಾದ ‘ಕ್ಲಾಸ್’ ಯೋಜನೆಯಲ್ಲಿ ಇಲ್ಲಿನ ಶಾಲೆಗಳಿಗೆ ಬಂದದ್ದೂ ಅದೇ ಬಿಬಿಸಿ ಮೈಕ್ರೋ. ಆಮೇಲೆ ಬಂದ ಕಂಪ್ಯೂಟರುಗಳಲ್ಲಿ ಆಟ ಆಡಬಹುದು, ಸಿನಿಮಾ ನೋಡಬಹುದು, ಆದರೆ ಒಳಗೆ ಕೈ ಹಾಕುವ ದಾರಿ ಮಕ್ಕಳಿಗೆ ಸುಲಭವಾಗಿ ಕಾಣದಾಯಿತು. ಆ ದಾರಿಯನ್ನು ಮತ್ತೆ ತೆರೆಯಬೇಕೆಂದು 2009ರಲ್ಲಿ ರಾಸ್ಪ್‌ಬೆರಿ ಪೈ ಫೌಂಡೇಶನ್ ಕಟ್ಟಿದರು. 2012ರ ಫೆಬ್ರವರಿ 29ರಂದು 35 ಡಾಲರಿಗೆ ಮೊದಲ ಬೋರ್ಡು ಮಾರಾಟಕ್ಕೆ ಬಂತು. ಅವತ್ತು ಜನ ಮುಗಿಬಿದ್ದದ್ದಕ್ಕೆ ಮಾರಾಟಗಾರರ ವೆಬ್‌ಸೈಟುಗಳೇ ಕುಸಿದವು. 2024ರ ಹೊತ್ತಿಗೆ 6 ಕೋಟಿಗಿಂತ ಹೆಚ್ಚು ಬೋರ್ಡು ಮಾರಾಟವಾಗಿದ್ದವು.

ಇನ್ನೊಂದು ನಂಟೂ ಇದೆ. ಬಿಬಿಸಿ ಮೈಕ್ರೋ ತಯಾರಿಸಿದ ಕೇಂಬ್ರಿಡ್ಜಿನ ಏಕಾರ್ನ್ ಕಂಪನಿಯಲ್ಲೇ 1985ರಲ್ಲಿ ಮೊದಲ ಆರ್ಮ್ ಪ್ರೊಸೆಸರ್ ತಯಾರಾಯಿತು. ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅದನ್ನು ರೂಪಿಸಿದವರು. ನಿಮ್ಮ ಕಿಸೆಯಲ್ಲಿರುವ ಮೊಬೈಲಿನದ್ದೂ ಈ ಪೈನದ್ದೂ ಅದೇ ವಂಶದ ಪ್ರೊಸೆಸರ್.

ಹಾಗಾದರೆ ಮೊಬೈಲ್ ಇದೆಯಲ್ಲ, ಇದೇಕೆ ಬೇಕು ಅಂತ ನೀವು ಕೇಳಬಹುದು. ಮನೆಯ ಲ್ಯಾಪ್‌ಟಾಪಿಗೆ ಮಗ ಕೈ ಹಾಕಿದರೆ ನಾವು ಏನು ಹೇಳುತ್ತೇವೆ? ‘ಮುಟ್ಟಡ, ಹಾಳಾಗ್ತು’ ಅನ್ನುತ್ತೇವೆ. ನಿಜವೇ, ಅದರಲ್ಲಿ ಅಪ್ಪನ ಆಫೀಸಿನ ಕೆಲಸ ಇರುತ್ತದೆ, ಸೊಸೈಟಿಯ ಲೆಕ್ಕ ಇರುತ್ತದೆ. ಪೈಗೆ ಆ ಭಯ ಇಲ್ಲ. ಮಗು ಏನೇನೋ ಒತ್ತಿ, ಏನೇನೋ ಅಳಿಸಿ, ಬೋರ್ಡು ಶುರುವೇ ಆಗದಂತೆ ಮಾಡಿತು ಅಂತಿಟ್ಟುಕೊಳ್ಳಿ. ಕಾರ್ಡು ತೆಗೆದು ಹೊಸದಾಗಿ ಬರೆದರೆ ಅರ್ಧ ಗಂಟೆಯಲ್ಲಿ ಮೊದಲಿನಂತೆ. ಹಾಳು ಮಾಡಿ ಸರಿ ಮಾಡಲು ಬಿಡುವ ಕಂಪ್ಯೂಟರ್ ಒಂದು ಮನೆಯಲ್ಲಿ ಇರಬೇಕು. ನಾನು ಊರೂರಿಗೆ ಹೋಗಿ ಇದರ ಬಗ್ಗೆ ಮಾತಾಡುವುದಕ್ಕೆ ಅದೇ ಕಾರಣ.

ಈಗ ಯಾವುದನ್ನು ಕೊಳ್ಳಬೇಕು ಎನ್ನುವುದಕ್ಕೆ ಬರೋಣ.

ಬರೀ ಟೈಪ್ ಮಾಡಲು, ಇಂಟರ್‌ನೆಟ್ ನೋಡಲು ಕಂಪ್ಯೂಟರ್ ಬೇಕಿದ್ದರೆ ಪೈ ಕೊಳ್ಳಬೇಡಿ. ಮನೆಯಲ್ಲಿ ಮೂಲೆಗೆ ಬಿದ್ದಿರುವ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ. ಅದಕ್ಕೆ ಪರದೆ, ಕೀಬೋರ್ಡು, ಬ್ಯಾಟರಿ ಎಲ್ಲ ಇದೆ, ಖರ್ಚೂ ಇಲ್ಲ. ಪೈನ ಬೆಲೆ ಕಡಿಮೆ ಅನ್ನಿಸಿದರೂ ಕಾರ್ಡು, ಚಾರ್ಜರ್, ಡಬ್ಬಿ, ಕೇಬಲ್ಲು ಸೇರಿದಾಗ ಲೆಕ್ಕ ಬೇರೆಯೇ ಆಗುತ್ತದೆ.

ಡ್ರೈಯರಿನ ಬಿಸಿ ನೋಡುವಂಥ ಸಣ್ಣ ಕೆಲಸಕ್ಕೆ ಝೀರೋ 2 ಡಬ್ಲ್ಯೂ ಎಂಬ ಪುಟ್ಟ ಪೈ ಸಾಕು. 2021ರಲ್ಲಿ 15 ಡಾಲರಿಗೆ ಬಂದದ್ದು. ಇಲ್ಲಿ ತೆರಿಗೆ, ಸಾಗಣೆ ಸೇರಿ ಜಾಸ್ತಿ ಆಗುತ್ತದೆ. ಮೆಮೊರಿ 512 ಎಂಬಿ ಮಾತ್ರ, ಹಾಗಾಗಿ ಅದರಲ್ಲಿ ಬ್ರೌಸರ್ ತೆರೆದು ಓಡಾಡುವುದು ಕಷ್ಟ. ಕೊಳ್ಳುವಾಗ ಎರಡು ವಿಷಯ ನೋಡಿ. ಮುಳ್ಳುಗಳನ್ನು ಮೊದಲೇ ಬೆಸೆದದ್ದನ್ನೇ ಕೇಳಿ, ಇಲ್ಲದಿದ್ದರೆ ಮನೆಗೆ ಬಂದ ಮೇಲೆ ಸೋಲ್ಡರಿಂಗ್ ಮಾಡುವವರನ್ನು ಹುಡುಕಬೇಕು. ಮತ್ತೆ, ಅದಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ನಿಮ್ಮ ರೂಟರಿನಲ್ಲಿ 5 ಗಿಗಾಹರ್ಟ್ಸ್ ಮಾತ್ರ ಚಾಲೂ ಇದ್ದರೆ ಪೈಗೆ ನಿಮ್ಮ ಮನೆಯ ವೈಫೈ ಕಾಣುವುದೇ ಇಲ್ಲ. ಬೋರ್ಡೇ ಕೆಟ್ಟಿದೆ ಅಂದುಕೊಂಡು ವಾಪಸ್ ಕಳಿಸಬೇಡಿ.

ಮಗು ಪರದೆಯ ಮುಂದೆ ಕೂತು ಪ್ರೋಗ್ರಾಂ ಬರೆಯಬೇಕಾದರೆ 2019ರಲ್ಲಿ ಬಂದ ಪೈ 4, ಎರಡು ಜಿಬಿಯದ್ದು ಧಾರಾಳ. 2023ರಲ್ಲಿ ಬಂದ ಪೈ 5 ಇನ್ನೂ ವೇಗದ್ದು, ಆದರೆ ಅದಕ್ಕೆ ದೊಡ್ಡ ಚಾರ್ಜರ್ ಬೇಕು, ತಣ್ಣಗಿಡಲು ಫ್ಯಾನ್ ಬೇಕು. ಶುರು ಮಾಡುವವರಿಗೆ ಅದರ ಅಗತ್ಯ ಇಲ್ಲ. ‘ಪೈಕೊ’ ಎಂಬುದನ್ನು ಪೈ ಅಂದುಕೊಂಡು ಕೊಳ್ಳುವವರಿದ್ದಾರೆ. 2021ರಲ್ಲಿ 4 ಡಾಲರಿಗೆ ಬಂದ ಅದು ಬಹಳ ಒಳ್ಳೆಯದೇ, ಆದರೆ ಅದು ಮೈಕ್ರೋಕಂಟ್ರೋಲರ್, ಅಂದರೆ ಒಂದು ಸಣ್ಣ ಪ್ರೋಗ್ರಾಂ ಮಾತ್ರ ಓಡಿಸುವ ಚಿಪ್ಪಿನ ಬೋರ್ಡು. ಟಿವಿಗೆ ಜೋಡಿಸಿ ಕಂಪ್ಯೂಟರಿನಂತೆ ಬಳಸಲು ಬರುವುದಿಲ್ಲ.

ಇನ್ನು ನಾನು ಹೆಚ್ಚು ಹೊತ್ತು ಮಾತಾಡಬೇಕೆಂದಿರುವುದು ಕರೆಂಟಿನ ಬಗ್ಗೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಪಾಠಗಳಲ್ಲಿ ಇದು ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ನಮ್ಮ ಜಿಲ್ಲೆಯಲ್ಲಿ ಪೈ ಹಾಳಾಗುವುದು ಜಾಸ್ತಿ ಇದರಿಂದಲೇ. ಕಾಳಿ, ಶರಾವತಿ ನದಿಗಳಿಂದ ನಾಡಿಗೆಲ್ಲ ಕರೆಂಟು ಹೋಗುವ ಜಿಲ್ಲೆ ನಮ್ಮದು. ಆದರೆ ಮಳೆಗಾಲದಲ್ಲಿ ಒಂದು ಮರ ಲೈನಿನ ಮೇಲೆ ಬಿದ್ದರೆ ನಮ್ಮ ಮನೆ ಕತ್ತಲೆ.

ಪೈಗೆ ಬೇಕಾದದ್ದು 5 ವೋಲ್ಟ್. ಪೈ 4ಕ್ಕೆ 3 ಆಂಪಿಯರ್ ಕೊಡುವ ಚಾರ್ಜರ್ ಬೇಕು, ಝೀರೋ 2 ಡಬ್ಲ್ಯೂಗೆ ಎರಡೂವರೆ. ಮನೆಯಲ್ಲಿದ್ದ ಹಳೆಯ ಮೊಬೈಲ್ ಚಾರ್ಜರ್ ಹಾಕಿದರೆ ಬೋರ್ಡು ಶುರುವಾಗುತ್ತದೆ, ಅದಕ್ಕೇ ಜನ ಮೋಸ ಹೋಗುವುದು. ಪ್ರೊಸೆಸರಿಗೆ ಕೆಲಸ ಬಿದ್ದ ಕೂಡಲೇ ವೋಲ್ಟೇಜು ಇಳಿಯುತ್ತದೆ. ಕೇಬಲ್ಲು ಉದ್ದ ಮತ್ತು ತೆಳು ಇದ್ದರಂತೂ, ಉದ್ದ ಪೈಪಿನ ತುದಿಯಲ್ಲಿ ನೀರಿನ ರಭಸ ಕಡಿಮೆಯಾದ ಹಾಗೆ, ಬೋರ್ಡು ಮುಟ್ಟುವಷ್ಟರಲ್ಲಿ ವೋಲ್ಟೇಜು ಸೋತಿರುತ್ತದೆ. ಸುಮಾರು 4.63 ವೋಲ್ಟಿಗಿಂತ ಇಳಿದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಕಾಣಿಸುತ್ತದೆ ಅಥವಾ ಕಡಿಮೆ ವೋಲ್ಟೇಜು ಎಂಬ ಎಚ್ಚರಿಕೆ ಬರುತ್ತದೆ. ಅದನ್ನು ಕಂಡೂ ಸುಮ್ಮನಿರಬೇಡಿ. ಮೊದಲು ಕೇಬಲ್ ಬದಲಿಸಿ, ಆಮೇಲೆ ಚಾರ್ಜರ್.

ಕರೆಂಟು ಹಠಾತ್ತಾಗಿ ಹೋಗುವುದು ಇನ್ನೊಂದು ಸಮಸ್ಯೆ. ಪೈ ಆ ಹೊತ್ತಿನಲ್ಲಿ ಕಾರ್ಡಿನ ಮೇಲೆ ಏನನ್ನಾದರೂ ಬರೆಯುತ್ತಿದ್ದರೆ ಆ ಬರವಣಿಗೆ ಅರ್ಧಕ್ಕೇ ನಿಲ್ಲುತ್ತದೆ. ಪದೇ ಪದೇ ಹೀಗಾದರೆ ಒಂದು ದಿನ ಬೋರ್ಡು ಏಳುವುದೇ ಇಲ್ಲ. ಅದಕ್ಕೇ ಮೆನುವಿನಲ್ಲಿ ಶಟ್‌ಡೌನ್ ಕೊಟ್ಟು, ಹಸಿರು ದೀಪದ ಮಿನುಗಾಟ ನಿಂತ ಮೇಲೆ ಪ್ಲಗ್ ತೆಗೆಯುವ ಅಭ್ಯಾಸವನ್ನು ಮಕ್ಕಳಿಗೆ ಮೊದಲ ದಿನವೇ ಮಾಡಿಸಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಆ ಲೈನಿನ ಪ್ಲಗ್ಗಿಗೇ ಪೈ ಹಾಕಿ. ಪವರ್ ಬ್ಯಾಂಕ್ ಬಳಸುವುದಾದರೆ ಅದು ಚಾರ್ಜ್ ಆಗುತ್ತಲೇ ಹೊರಗೂ ಕರೆಂಟು ಕೊಡುತ್ತದೆಯೇ ನೋಡಿಕೊಳ್ಳಿ. ಕೆಲವು ಪವರ್ ಬ್ಯಾಂಕುಗಳು ಕರೆಂಟು ಹೋದಾಗ, ಬಂದಾಗ ಒಂದು ಕ್ಷಣ ನಿಲ್ಲಿಸಿ ಮತ್ತೆ ಕೊಡುತ್ತವೆ. ಆ ಒಂದು ಕ್ಷಣಕ್ಕೆ ಪೈ ಬಂದಾಗಿ ಹೊಸದಾಗಿ ಶುರುವಾಗುತ್ತದೆ. ವೈಫೈ ರೂಟರಿಗೆ ಹಾಕುವ ಸಣ್ಣ ಯುಪಿಎಸ್ ಸಿಗುತ್ತದಲ್ಲ, ಅದು ಸಾಮಾನ್ಯವಾಗಿ 12 ವೋಲ್ಟಿನದ್ದು. ಅದನ್ನು ಪೈಗೆ ಕೊಟ್ಟರೆ ಬೋರ್ಡು ಸುಟ್ಟೇ ಹೋಗುತ್ತದೆ. 5 ವೋಲ್ಟಿನದ್ದೇ ಕೇಳಿ ತನ್ನಿ.

ಒಂದೇ ಕೆಲಸ ಮಾಡುತ್ತಾ ಮೂಲೆಯಲ್ಲಿ ಕೂರುವ ಪೈ ಆದರೆ ಇನ್ನೂ ಒಳ್ಳೆಯ ಉಪಾಯ ಇದೆ. ‘ರಾಸ್ಪಿ ಕಾನ್ಫಿಗ್’ ಎಂಬ ಸೆಟ್ಟಿಂಗಿನಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಅಂತ ಸಿಗುತ್ತದೆ. ಅದನ್ನು ಚಾಲೂ ಮಾಡಿದರೆ ಪೈ ಕಾರ್ಡನ್ನು ಓದುತ್ತದೆ ಅಷ್ಟೇ, ಅದರ ಮೇಲೆ ಬರೆಯುವುದಿಲ್ಲ. ಕರೆಂಟು ದಿನಕ್ಕೆ ಹತ್ತು ಸಲ ಹೋದರೂ ಕಾರ್ಡಿಗೆ ಏನೂ ಆಗದು. ಉಳಿಸಬೇಕಾದ ಮಾಹಿತಿಯನ್ನು ಬೇರೆ ಪೆನ್‌ಡ್ರೈವಿಗೆ ಬರೆಸಿ.

ಸಿಡಿಲಿಗೆ ಮಾತ್ರ ಇಂಥ ಉಪಾಯ ಯಾವುದೂ ಇಲ್ಲ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ ಕಿತ್ತಿಡಿ. ರೂಟರಿನಿಂದ ಬರುವ ವೈರನ್ನೂ ಕೀಳಿ, ಸಿಡಿಲಿನ ಹೊಡೆತ ಅದರಲ್ಲೂ ಬರುತ್ತದೆ.

ಕಾರವಾರ, ಅಂಕೋಲಾ, ಕುಮಟಾ ಕಡೆಯಿಂದ ಬಂದವರಿಗೆ ಒಂದು ಮಾತು. ಸಮುದ್ರದ ಉಪ್ಪುಗಾಳಿ ಮುಳ್ಳುಗಳಿಗೂ ಕಾರ್ಡಿನ ಕಿಂಡಿಗೂ ತುಕ್ಕು ಹಿಡಿಸುತ್ತದೆ. ಹಾಗಂತ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಮುಚ್ಚಿದರೆ ಪ್ರೊಸೆಸರ್ ಕಾಯುತ್ತದೆ. ಬಿಸಿ 80 ಡಿಗ್ರಿ ದಾಟಿದರೆ ಅದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಝೀರೋ 2 ಡಬ್ಲ್ಯೂವಿನಂಥ ಸಣ್ಣ ಬೋರ್ಡಿಗೆ ಹಗುರ ಕೆಲಸ ಕೊಟ್ಟು, ಸ್ವಲ್ಪ ದೊಡ್ಡ ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮನೆಯ ಒಳಗೋಡೆಗೆ ತೂಗುಹಾಕಿ. ಪೈ 4 ಆದರೆ ಗಾಳಿಯಾಡುವ ಡಬ್ಬಿಯೇ ಬೇಕು. ಕಡಲಿಗೆ ಮುಖ ಮಾಡಿದ ಕಿಟಕಿಯ ಹತ್ತಿರ ಅದನ್ನು ಇಡಬೇಡಿ. ಘಟ್ಟದ ಮೇಲಿನವರಿಗೆ ಉಪ್ಪಿನ ಕಾಟ ಇಲ್ಲ, ಆದರೆ ಬೆಚ್ಚಗಿನ ಡಬ್ಬಿ ಹುಡುಕಿ ಇರುವೆ ಬರುತ್ತದೆ. ಡಬ್ಬಿಯ ತೂತುಗಳಿಗೆ ಸೊಳ್ಳೆಪರದೆಯ ತುಂಡು ಅಂಟಿಸಿ.

ಮೊದಲ ದಿನದ ಕೆಲಸ ಸುಲಭ. ಬೇರೆ ಕಂಪ್ಯೂಟರಿನಲ್ಲಿ ‘ರಾಸ್ಪ್‌ಬೆರಿ ಪೈ ಇಮೇಜರ್’ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ, 32 ಜಿಬಿಯ ಒಳ್ಳೆಯ ಕಾರ್ಡು ಚುಚ್ಚಿ, ನಿಮ್ಮ ಬೋರ್ಡು ಯಾವುದು ಎಂದು ಆರಿಸಿದರೆ ಮುಂದಿನದನ್ನು ಅದೇ ಕೇಳುತ್ತದೆ. ಹೆಸರು, ಪಾಸ್‌ವರ್ಡು, ವೈಫೈ ವಿವರ ಅಲ್ಲೇ ತುಂಬಿ. ಹಳೆಯ ಪಾಠಗಳಲ್ಲಿ ಬಳಕೆದಾರನ ಹೆಸರು ‘ಪೈ’, ಪಾಸ್‌ವರ್ಡು ‘ರಾಸ್ಪ್‌ಬೆರಿ’ ಅಂತ ಇರುತ್ತದೆ. 2022ರಿಂದ ಅದು ಇಲ್ಲ, ನಿಮ್ಮದನ್ನು ನೀವೇ ಇಟ್ಟುಕೊಳ್ಳಬೇಕು. ಮಗುವಿನ ಹೆಸರನ್ನೇ ಪಾಸ್‌ವರ್ಡು ಮಾಡಬೇಡಿ. ಕಾರ್ಡು ಪೈಗೆ ಹಾಕಿ, ಟಿವಿಗೆ ಜೋಡಿಸಿ, ಕೊನೆಯಲ್ಲಿ ಚಾರ್ಜರ್ ಚುಚ್ಚಿ. ಪೈ 4ಕ್ಕೆ ಮೈಕ್ರೋ ಎಚ್‌ಡಿಎಂಐ, ಝೀರೋಗೆ ಮಿನಿ ಎಚ್‌ಡಿಎಂಐ ಕೇಬಲ್ಲು. ಎರಡೂ ಒಂದೇ ಅಲ್ಲ. ಪೇಟೆಗೆ ಎರಡು ಸಲ ಹೋಗುವುದು ತಪ್ಪಲಿ ಅಂತ ಹೇಳಿದೆ.

ಪೈನಲ್ಲಿ ಓಡುವುದು ಡೆಬಿಯನ್ ಲಿನಕ್ಸಿನ ಮೇಲೆ ಕಟ್ಟಿದ ರಾಸ್ಪ್‌ಬೆರಿ ಪೈ ಓಎಸ್. ಡೆಬಿಯನ್ ಭಂಡಾರದಲ್ಲಿ ಲೋಹಿತ್, ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಪುಕ್ಕಟೆ ಸಿಗುತ್ತವೆ. ಟೈಪ್ ಮಾಡಲು ಐಬಸ್ ಎಂಬ ಸಾಫ್ಟ್‌ವೇರ್ ಮತ್ತು ಅದಕ್ಕೆ ಸೇರುವ ಎಂ17ಎನ್ ಹಾಕಿಕೊಂಡರೆ ಕೆ.ಪಿ. ರಾವ್ ಅವರ ಕೀಲಿ ವಿನ್ಯಾಸವೂ ಇದೆ, ಇನ್‌ಸ್ಕ್ರಿಪ್ಟ್ ಕೂಡ ಇದೆ. ಇದನ್ನು ಮೊದಲ ವಾರವೇ ಮಾಡಿಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ. ಯಾಕೆಂದರೆ ಪ್ರೋಗ್ರಾಂ ಬರೆಯುವ ಭಾಷೆಯಾದ ಪೈಥಾನ್ 3ರಲ್ಲಿ ನೀವು ಇಡುವ ಹೆಸರುಗಳು ಕನ್ನಡದಲ್ಲೇ ಇರಬಹುದು. ‘ಬಿಸಿ’ ಎಂದು ಕನ್ನಡದಲ್ಲಿ ಬರೆದು, ಸಮ ಚಿಹ್ನೆ ಹಾಕಿ, 27 ಎಂದು ಕೊಟ್ಟರೆ ಪೈಥಾನ್ ಒಪ್ಪುತ್ತದೆ. ಕನ್ನಡ ಅಂಕಿಯಲ್ಲಿ ‘೨೭’ ಎಂದು ಟೈಪ್ ಮಾಡಿಸಿ ಅದನ್ನು ಇಂಟ್ ಎಂಬ ಆದೇಶಕ್ಕೆ ಕೊಟ್ಟರೆ 27 ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಪ್ರಿಂಟ್, ಇಫ್, ವೈಲ್ ಮುಂತಾದ ಕೆಲವು ಶಬ್ದ ಮಾತ್ರ ಇಂಗ್ಲಿಷಿನಲ್ಲಿ ಉಳಿಯುತ್ತವೆ. ಕನ್ನಡ ಶಾಲೆಯ ಆರನೇ ಕ್ಲಾಸಿನ ಮಗುವಿಗೆ ಇದು ಎಷ್ಟು ದೊಡ್ಡ ಧೈರ್ಯ ಕೊಡುತ್ತದೆ ಗೊತ್ತಾ? ತಾನು ಇಟ್ಟ ಹೆಸರು, ತನಗೆ ಓದಲು ಬರುವ ಹೆಸರು. ಥಾನಿ ಎಂಬ ಎಡಿಟರಿನಲ್ಲಿ ಒತ್ತಕ್ಷರ ಸರಿಯಾಗಿ ಕೂಡಿ ಕಾಣದಿದ್ದರೆ ಜೀನಿ ಎಂಬ ಇನ್ನೊಂದು ಎಡಿಟರಿನಲ್ಲಿ ಬರೆಯಲಿ, ಪ್ರೋಗ್ರಾಂ ಹೇಗೂ ಓಡುತ್ತದೆ.

ಈಗ ಡ್ರೈಯರಿನ ಕೆಲಸ ಮಾಡಿ ತೋರಿಸುತ್ತೇನೆ. ಮುಂದಿನ ಸಾಲಿನ ಮಕ್ಕಳು ಎದ್ದು ಹತ್ತಿರ ಬನ್ನಿ.

ಈ ಸ್ಟೀಲ್ ತುದಿಯ ವೈರು ನೋಡಿ. ಇದರೊಳಗೆ ಡಿಎಸ್18ಬಿ20 ಎಂಬ ಸಣ್ಣ ಸೆನ್ಸರ್ ಇದೆ. ಮೈನಸ್ 55ರಿಂದ 125 ಡಿಗ್ರಿವರೆಗೆ ಬಿಸಿ ಅಳೆಯುತ್ತದೆ, ನಮಗೆ ಬೇಕಾದ ಮಟ್ಟದಲ್ಲಿ ಅರ್ಧ ಡಿಗ್ರಿ ಹೆಚ್ಚುಕಡಿಮೆ ಆಗಬಹುದು ಅಷ್ಟೇ. ಮೂರು ಎಳೆ ಇವೆ. ಕೆಂಪನ್ನು ಒಂದನೇ ಮುಳ್ಳಿಗೆ, ಅದು 3.3 ವೋಲ್ಟ್. ಕಪ್ಪನ್ನು ಆರನೇ ಮುಳ್ಳಿಗೆ, ಅದು ಗ್ರೌಂಡ್. ಹಳದಿಯನ್ನು ಏಳನೇ ಮುಳ್ಳಿಗೆ, ಅದು ಮಾಹಿತಿ ಓದುವ ಮುಳ್ಳು. ಕೆಂಪು ಹಳದಿ ಎರಡರ ನಡುವೆ 4.7 ಕಿಲೋ ಓಮ್ ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆ ಒಡ್ಡುವ ಸಣ್ಣ ಬಿಡಿಭಾಗ. ಎಳೆಗಳ ಬಣ್ಣ ಬೇರೆ ಬೇರೆ ಇರುವುದೂ ಉಂಟು, ಮಾರಿದವರು ಕೊಟ್ಟ ಚಿತ್ರ ನೋಡಿಯೇ ಜೋಡಿಸಿ. ಎರಡು ಮತ್ತು ನಾಲ್ಕನೇ ಮುಳ್ಳಿನಲ್ಲಿ 5 ವೋಲ್ಟ್ ಇರುತ್ತದೆ. ಆ 5 ವೋಲ್ಟು ಮಾಹಿತಿ ಓದುವ ಮುಳ್ಳಿಗೆ ತಾಗಿದರೆ ಬೋರ್ಡಿಗೆ ಏಟು. ಹಾಗಾಗಿ ವೈರು ಜೋಡಿಸುವಾಗ ಪೈ ಬಂದಾಗಿರಲಿ. ಇನ್ನೊಬ್ಬರು ಪಕ್ಕದಲ್ಲಿ ನಿಂತು ಮುಳ್ಳು ಎಣಿಸಲಿ.

ಸೆಟ್ಟಿಂಗಿನಲ್ಲಿ ‘ಒನ್ ವೈರ್’ ಚಾಲೂ ಮಾಡಿ ಪೈ ಮತ್ತೆ ಶುರು ಮಾಡಿದರೆ, 28ರಿಂದ ಶುರುವಾಗುವ ಉದ್ದ ಹೆಸರಿನ ಒಂದು ಫೋಲ್ಡರ್ ಹುಟ್ಟಿಕೊಳ್ಳುತ್ತದೆ. ಅದು ಈ ಸೆನ್ಸರಿನದ್ದೇ ನಂಬರು. ಬೇರೆ ಯಾವ ಸೆನ್ಸರಿಗೂ ಅದೇ ನಂಬರು ಇರುವುದಿಲ್ಲ, ಅದಕ್ಕೇ ಒಂದೇ ವೈರಿಗೆ ನಾಲ್ಕೈದು ಸೆನ್ಸರ್ ಕಟ್ಟಿದರೂ ಗೊಂದಲ ಆಗದು. ಒಳಗಿನ ಫೈಲ್ ತೆರೆದರೆ ಎರಡು ಸಾಲು. ಮೊದಲ ಸಾಲಿನ ಕೊನೆಯಲ್ಲಿ ‘ಯೆಸ್’ ಎಂದಿದ್ದರೆ ಓದಿದ್ದು ಸರಿ ಎಂದರ್ಥ. ಎರಡನೇ ಸಾಲಿನ ಕೊನೆಯಲ್ಲಿ ಇಲ್ಲಿ 26312 ಎಂದಿದೆ. ಸಾವಿರದಿಂದ ಭಾಗಿಸಿ, 26.3 ಡಿಗ್ರಿ. ಈಗ ತಮ್ಮಾ, ಆ ತುದಿಯನ್ನು ಮುಷ್ಟಿಯಲ್ಲಿ ಹಿಡಿ. ಮತ್ತೆ ಫೈಲ್ ತೆರೆಯೋಣ. 28... 29... ಏರುತ್ತಿದೆ ನೋಡಿ. ಅವನ ಕೈಯ ಬಿಸಿ ಅಂಕಿಯಾಗಿ ಪರದೆಗೆ ಬಂತು.

ಒಂದು ವಿಷಯ ನೆನಪಿರಲಿ. ಫೈಲಿನಲ್ಲಿ ಸರಿಯಾಗಿ 85000 ಎಂದು ಬಂದರೆ ನಂಬಬೇಡಿ. ಕರೆಂಟು ಸಿಕ್ಕ ಕೂಡಲೇ, ಇನ್ನೂ ಅಳೆಯುವ ಮೊದಲು, ಈ ಸೆನ್ಸರಿನಲ್ಲಿ ಇರುವ ಅಂಕಿಯೇ 85. ವೈರು ಸಡಿಲವಾದಾಗ ಅದೇ ಬರುತ್ತದೆ. ಇದು ಗೊತ್ತಿಲ್ಲದಿದ್ದರೆ ಅಡಿಕೆ ಸುಟ್ಟಿತು ಅಂತ ರಾತ್ರಿ ಓಡಬೇಕಾಗುತ್ತದೆ.

ಡ್ರೈಯರಿನ ಒಳಗೆ ತುದಿ ಮಾತ್ರ ಇರಲಿ, ಪೈ ಹೊರಗೆ. ನಿಮಿಷಕ್ಕೊಮ್ಮೆ ಸಮಯ ಮತ್ತು ಬಿಸಿ ಎರಡನ್ನೂ ಒಂದು ಸಾಲಾಗಿ ಬರೆಯುವ ಪೈಥಾನ್ ಪ್ರೋಗ್ರಾಂ ಹದಿನೈದು ಸಾಲಿನದ್ದು. ನೀವು ಇಟ್ಟುಕೊಂಡ ಮಿತಿಗಿಂತ ಬಿಸಿ ಇಳಿದರೆ ಜಗಲಿಯಲ್ಲಿ ಒಂದು ಎಲ್‌ಇಡಿ ಹತ್ತಲಿ. ಎಲ್‌ಇಡಿಗೆ 330 ಓಮ್ ರೆಸಿಸ್ಟರ್ ಹಾಕಲೇಬೇಕು. ಇಷ್ಟಾದರೆ ರಾತ್ರಿ ಮೂರು ಗಂಟೆಗೆ ಅಜ್ಜ ಟಾರ್ಚು ಹಿಡಿದು ಅಂಗಳ ದಾಟುವುದು ತಪ್ಪುತ್ತದೆ. ಡ್ರೈಯರನ್ನೇ ಪೈನಿಂದ ಚಾಲೂ ಬಂದ್ ಮಾಡುವ ಆಸೆ ಹುಟ್ಟುವುದು ಸಹಜ. ಅದು 230 ವೋಲ್ಟಿನ ಕೆಲಸ. ಮಕ್ಕಳು ಅದಕ್ಕೆ ಕೈ ಹಾಕಬಾರದು, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿಯೇ ಮಾಡಿ.

ಸಮಯ ಅಂದೆನಲ್ಲ, ಪೈ 4 ಮತ್ತು ಅದಕ್ಕಿಂತ ಹಳೆಯ ಬೋರ್ಡುಗಳ ಮೇಲೆ ಗಡಿಯಾರವೇ ಇಲ್ಲ. ಇಂಟರ್‌ನೆಟ್ಟಿನಿಂದ ಸಮಯ ಕೇಳಿ ತಿಳಿದುಕೊಳ್ಳುತ್ತವೆ. ನೆಟ್ ಇಲ್ಲದ ಮನೆಯಲ್ಲಿ ಕರೆಂಟು ಹೋಗಿ ಬಂದರೆ ನಿಂತ ಹೊತ್ತಿನಿಂದಲೇ ಎಣಿಕೆ ಮುಂದುವರಿಸುತ್ತವೆ, ಬರೆದ ಲೆಕ್ಕವೆಲ್ಲ ತಪ್ಪು ಸಮಯದ್ದಾಗುತ್ತದೆ. ಡಿಎಸ್3231 ಎಂಬ ಗಡಿಯಾರದ ಸಣ್ಣ ಬೋರ್ಡು ಸಿಗುತ್ತದೆ, ಬಟನ್ ಸೆಲ್ ಹಾಕುವಂಥದ್ದು. ನಾಲ್ಕು ವೈರು ಜೋಡಿಸಿದರೆ ಮುಗಿಯಿತು.

ನೆಟ್ ಇಲ್ಲದ ಮನೆಯ ಮಾತು ಬಂತು. 2020ರಲ್ಲಿ ಶಾಲೆ ಮುಚ್ಚಿದಾಗ ನಮ್ಮ ಮಕ್ಕಳು ಕೊಡೆ ಹಿಡಿದು ಗುಡ್ಡದ ಮೇಲೆ ಕೂತು ಪಾಠ ಕೇಳಿದರು. ಇವತ್ತಿಗೂ ಹಲವು ಕಡೆ ಪರಿಸ್ಥಿತಿ ಬಹಳ ಬದಲಾಗಿಲ್ಲ. ನೆಟ್ ಇಲ್ಲದೆ ವಿಕಿಪೀಡಿಯ ಓದಿಸುವ ‘ಕಿವಿಕ್ಸ್’ ಎಂಬ ಉಚಿತ ಸಾಫ್ಟ್‌ವೇರ್ ಇದೆ. 2003ರಲ್ಲಿ ಶುರುವಾದ ನಮ್ಮ ಕನ್ನಡ ವಿಕಿಪೀಡಿಯವನ್ನು ಒಂದೇ ಫೈಲಾಗಿ ಇಳಿಸಿಕೊಳ್ಳಬಹುದು. ನೆಟ್ ಇರುವ ಕಡೆ ಒಮ್ಮೆ ಇಳಿಸಿ ಪೈಗೆ ಹಾಕಿದರೆ ಆಯಿತು. ಪೈ ತನ್ನದೇ ವೈಫೈ ಬಿಡುವಂತೆ ಮಾಡಿ. ಮನೆಯ ಮೊಬೈಲುಗಳು ಆ ವೈಫೈ ಹಿಡಿದು ಬ್ರೌಸರಿನಲ್ಲಿ ತೆರೆದರೆ ಇಡೀ ಕನ್ನಡ ವಿಕಿಪೀಡಿಯ ಓದಲು ಸಿಗುತ್ತದೆ. ಸಿಮ್ ಬೇಡ, ರೀಚಾರ್ಜ್ ಬೇಡ. ಸಣ್ಣ ಊರಿನ ಶಾಲೆಗೂ ಇದೇ ಒಂದು ಬೋರ್ಡು ಸಾಕು. ನನ್ನ ಕೇಳಿದರೆ, ಹತ್ತು ಹೊಸ ಕಂಪ್ಯೂಟರ್ ತಂದು ಬೀಗ ಹಾಕಿಡುವುದಕ್ಕಿಂತ ಇದು ಎಷ್ಟೋ ಮೇಲು.

ಇನ್ನು ಪ್ರಶ್ನೆಗಳು.

‘ದಿನವಿಡೀ ಹಚ್ಚಿಟ್ಟರೆ ಬಿಲ್ಲು ಎಷ್ಟು ಬರ್ತು?’ ಅಂತ ಅಲ್ಲಿ ಕೂತ ಅಕ್ಕ ಕೇಳಿದರು. ಪೈ 4 ಸುಮ್ಮನೆ ಕೂತಾಗ 3ರಿಂದ 4 ವ್ಯಾಟ್ ಎಳೆಯುತ್ತದೆ. ತಿಂಗಳಿಡೀ ಹಗಲು ರಾತ್ರಿ ಓಡಿದರೆ ಎರಡರಿಂದ ಮೂರು ಯುನಿಟ್. ಝೀರೋ ಆದರೆ ಅದಕ್ಕಿಂತ ಕಡಿಮೆ.

‘ಕೆಟ್ಟರೆ ರಿಪೇರಿ ಎಲ್ಲಿ?’ ಎಂದು ಒಬ್ಬರು ಹಿರಿಯರು ಕೇಳಿದರು. ಬೋರ್ಡು ಸುಟ್ಟರೆ ರಿಪೇರಿ ಆಗುವುದಿಲ್ಲ ಎಂದೇ ತಿಳಿಯಿರಿ. ಆದರೆ ಕೆಟ್ಟಿದೆ ಅಂದುಕೊಂಡದ್ದು ಎಷ್ಟೋ ಸಲ ಕಾರ್ಡಿನ ತೊಂದರೆ ಆಗಿರುತ್ತದೆ. ಕೆಂಪು ದೀಪ ಹತ್ತುತ್ತಿದೆ, ಹಸಿರು ಮಿನುಗುತ್ತಿಲ್ಲ ಎಂದಾದರೆ ಹೊಸ ಕಾರ್ಡು ಬರೆದು ನೋಡಿ. ಕೆಂಪು ದೀಪವೂ ಹತ್ತದಿದ್ದರೆ ಚಾರ್ಜರ್ ಬದಲಿಸಿ ನೋಡಿ. ಝೀರೋ ಮೇಲೆ ಹಸಿರು ದೀಪ ಒಂದೇ ಇರುತ್ತದೆ. ಎಲ್ಲ ಸರಿ ಇರುವಾಗಲೇ ಒಂದು ಕಾರ್ಡಿನ ನಕಲು ಮಾಡಿ ತೆಗೆದಿಟ್ಟರೆ, ಮುಂದೆ ಕಾರ್ಡು ಕೆಟ್ಟಾಗ ಬದಲಿಸುವುದು ಐದು ನಿಮಿಷದ ಕೆಲಸ.

ಕೊನೆಯ ಪ್ರಶ್ನೆ ಒಂಬತ್ತನೇ ಕ್ಲಾಸಿನ ತಂಗಿಯದ್ದು. ತೋಟಕ್ಕೆ ರಾತ್ರಿ ಬರುವುದು ಕಾಡುಹಂದಿಯೋ ಮುಳ್ಳುಹಂದಿಯೋ ಅಂತ ಮನೆಯಲ್ಲಿ ದಿನಾ ಚರ್ಚೆಯಂತೆ, ಪೈನಿಂದ ನೋಡಬಹುದಾ ಅಂತ ಕೇಳಿದ್ದಾಳೆ. ಖಂಡಿತ ಆಗುತ್ತದೆ ತಂಗಿ, ಇಷ್ಟು ಒಳ್ಳೆಯ ಕೆಲಸ ಬೇರೆ ಇಲ್ಲ. ‘ನೋಐಆರ್’ ಎಂಬ ಕ್ಯಾಮೆರಾ ತರಿಸು. ಅದರಲ್ಲಿ ಇನ್‌ಫ್ರಾರೆಡ್ ಬೆಳಕು ತಡೆಯುವ ಗಾಜು ಇರುವುದಿಲ್ಲ. ಜೊತೆಗೆ ಇನ್‌ಫ್ರಾರೆಡ್ ದೀಪವೂ ಬೇಕು, ಕತ್ತಲೆಯಲ್ಲಿ ಕ್ಯಾಮೆರಾಕ್ಕೆ ಕಾಣುವುದು ಆ ಬೆಳಕಿನಿಂದಲೇ. ಝೀರೋ ಬೋರ್ಡಿನಲ್ಲಿ ಕ್ಯಾಮೆರಾದ ಕಿಂಡಿ ಸಣ್ಣದು, 22 ಮುಳ್ಳಿನದ್ದು. ಅದಕ್ಕೆ ಹೊಂದುವ ಪಟ್ಟಿ ಕೇಬಲ್ಲನ್ನೇ ಕೇಳಿ ತಗೋ. ಪ್ರಾಣಿ ಹತ್ತಿರ ಬಂದದ್ದು ತಿಳಿಯಲು, ಮೈಬಿಸಿಯ ಓಡಾಟ ಗುರುತಿಸುವ ಪಿಐಆರ್ ಸೆನ್ಸರ್ ಬೇಕು. ಎಚ್‌ಸಿ-ಎಸ್‌ಆರ್501 ಎಂಬುದಕ್ಕೆ 5 ವೋಲ್ಟ್ ಕೊಡಬೇಕು, ಅದು ವಾಪಸ್ ಕೊಡುವ ಸೂಚನೆ 3.3 ವೋಲ್ಟ್, ಪೈಗೆ ತೊಂದರೆ ಇಲ್ಲ. ಗಾಳಿಗೆ ಅಲ್ಲಾಡುವ ಎಲೆಗೂ ಅದು ಎಚ್ಚರಾಗಬಹುದು, ಅದರ ಮೇಲಿನ ಸಣ್ಣ ತಿರುಪು ತಿರುಗಿಸಿ ಹದ ಮಾಡಬೇಕು. ಮೊದಲು ಎಲ್ಲವನ್ನೂ ಅಂಗಳದಲ್ಲೇ ಕಟ್ಟಿ, ರಾತ್ರಿ ನಿಮ್ಮ ಮನೆಯ ನಾಯಿ ಓಡಾಡುವಾಗ ಫೋಟೋ ಬರುತ್ತದಾ ನೋಡು. ಬಂದರೆ ಡಬ್ಬಿಗೆ ಮಳೆ ತಾಗದಂತೆ ಮಾಡಿ ತೋಟಕ್ಕೆ ಒಯ್ಯಿ.